ಹಸಿ ಹುಲ್ಲಿನ ಎಸಳು

ಜೋಯಪ್ಪ ಬೀಡಿ ಸೇದಿದವನಲ್ಲ.
ಮಾಲ್ದಾರೆಯಿಂದ ಸಿದ್ದಾಪುರದ ತನಕ
ಸಿಕ್ಕವರೆಲ್ಲ ಕೇಳಿದ್ದು ಅದನ್ನೇ:
"ಸೇದುತ್ತಿದ್ದನಾ?"
ಇಲ್ಲ ಅಂದರೆ ಮುಖದಲ್ಲೊಂದು ಸಣ್ಣ ನಿರಾಸೆ,
ಲೆಕ್ಕ ತಾಳೆಯಾಗದ ಅಂಗಡಿಯವನ ಹಾಗೆ.

ಮೊದಲು ಕೆಮ್ಮು. ಆಮೇಲೆ ಸಂಜೆಯ ಜ್ವರ,
ದಿಂಬು ಹಿಂಡಿದರೆ ನೀರು ಬರುವಷ್ಟು ಬೆವರು.
ಟಿಬಿ ಇರಬಹುದು ಅಂದರು ಮಡಿಕೇರಿಯಲ್ಲಿ.
ಮೂರು ಸಲ ಕಫ ಕೊಟ್ಟೆವು, ಮೂರು ಸಲವೂ ಇಲ್ಲ.
ಮೈಸೂರಲ್ಲಿ ಸೂಜಿ ಇಳಿಸಿ ತುಣುಕು ತೆಗೆದರು.
ಹನ್ನೊಂದು ದಿನ ಕಾದೆವು.

ಡಾಕ್ಟರ್ ನಫೀಸಾ ಸ್ಕ್ಯಾನಿನ ಲಕೋಟೆ ಮಗುಚಿ
ಬೆನ್ನಿಗೆ ಎರಡು ಚೀಲ ಬರೆದರು,
ಬಲಚೀಲದೊಳಗೆ ಮೂರು ಚುಕ್ಕೆ.
"ಇದು ಹೊಗೆಯಿಂದ ಬಂದದ್ದಲ್ಲ. ಲಿಂಫೋಮಾ.
ಕಾವಲಿಗೆಂದು ಇದ್ದ ಕಣಗಳೇ
ಹದ ತಪ್ಪಿ ಹೆಚ್ಚಿಕೊಂಡಿವೆ."
ಜೋಯಪ್ಪ ನಕ್ಕ: "ಬೇಲಿಯೇ ಹೊಲ ಮೇಯ್ದಿದೆ ಅನ್ನಿ."
ಬೇಲಿಯ ವಿಷಯ ಅವನಿಗೆ ಗೊತ್ತು. ಹದಿನಾಲ್ಕು ವರ್ಷ
ಕಾಡಂಚಿನ ಸೋಲಾರ್ ತಂತಿ ಅವನದೇ ಪಾಲು.
ಆನೆ ಕೆಡವಿದ ಕಂಬ ಬೆಳಗಾಗುವುದರೊಳಗೆ
ಮತ್ತೆ ನಿಲ್ಲಿಸಿದವನು.

ನನಗೆ ನಗು ಬರಲಿಲ್ಲ.
ಆರು ವರ್ಷದ ಹಿಂದೆ ಅವನೊಳಗಿನ ಬೇಲಿ ತಗ್ಗಿಸಿದ್ದು
ನನಗಾಗಿ.

ನನಗೆಂದರೆ, ನನ್ನ ಎಡದ ಕಿಡ್ನಿಗೆ.
ಒಂದೇ ತಾಯಿಯ ಹಾಲು ಕುಡಿದರೂ
ಮೈಗೆ ಮೈ ಹೊರಗಿನದೇ.
ಒಳಬಂದದ್ದನ್ನು ಅವನ ರಕ್ತ
ಕಳ್ಳನೆಂದು ಹಿಡಿಯದಿರಲಿ ಎಂದು
ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಗುಳಿಗೆ.
ಕರೆಂಟು ಪೂರ್ತಿ ತೆಗೆಯುವುದಲ್ಲ,
ಹೊಡೆತ ಕಡಿಮೆ ಮಾಡುವುದು, ಅಷ್ಟೆ.
ಚಕ್ಕೋತ ತಿಂದರೆ ಗುಳಿಗೆಯ ಲೆಕ್ಕ ಕೆಡುತ್ತದಂತೆ;
ಹಿತ್ತಲ ಮರದ ಹಣ್ಣು ಆರು ವರ್ಷವೂ
ಬಿದ್ದಲ್ಲೇ ಕೊಳೆತವು.

ಎಲ್ಲರ ಮೈಯಲ್ಲೂ ಒಂದು ವೈರಸ್ ಮಲಗಿರುತ್ತದಂತೆ,
ಚಿಕ್ಕಂದಿನಲ್ಲೊಂದು ಗಂಟಲುನೋವಾಗಿ ಬಂದು
ಬಾಡಿಗೆ ಕೊಡದೆ ಉಳಿದುಬಿಡುವಂಥದ್ದು.
ಕಾವಲು ಗಟ್ಟಿಯಿರುವ ತನಕ ತೆಪ್ಪಗೆ.
"ಎಲ್ಲರಿಗೂ ಹೀಗಾಗುವುದಿಲ್ಲ,
ನೂರರಲ್ಲಿ ಒಬ್ಬಿಬ್ಬರಿಗೆ."
ಆ ಒಬ್ಬನ ಪಕ್ಕದ ಕುರ್ಚಿಯಲ್ಲಿ ಕೂತವಳಿಗೆ
ಉಳಿದ ತೊಂಬತ್ತೊಂಬತ್ತು ಯಾಕೆ?

ಮೊದಲ ಮದ್ದು ಏನೆಂದರೆ, ಮದ್ದು ಕಡಿಮೆ ಮಾಡುವುದು.
ಬೇಲಿಗೆ ಮತ್ತೆ ಕರೆಂಟು ಕೊಡುವುದು.
ಎಚ್ಚೆತ್ತ ಕಾವಲು ತನ್ನವರನ್ನೇ ಹಿಡಿದು ಕಟ್ಟಿದರೆ ಗೆದ್ದೆವು,
ಸಾಲದಿದ್ದರೆ ಡ್ರಿಪ್ಪಿನಲ್ಲಿ ಬೇರೆ ಔಷಧ.
ಆದರೆ ಎಚ್ಚೆತ್ತದ್ದು ನನ್ನನ್ನೂ ಹುಡುಕಬಹುದು.
ಕಿಡ್ನಿ ಹೋದರೆ? ಅಂತ ಕೇಳಬೇಕೆಂದಿದ್ದೆ.
ಬಾಯಿಂದ ಬಂದದ್ದು, "ಮೀನು ತಿನ್ನಬಹುದಾ?"

ಪಿರಿಯಾಪಟ್ಟಣ ದಾಟಿ ಬಸ್ಸು ಕಾಡಿಗೆ ಇಳಿದಾಗ
ಕಿಟಕಿಯ ಕಡೆಗೇ ಮುಖ ಮಾಡಿ ಅಂದ:
"ನೀನು ಕೊಟ್ಟದ್ದೇ ತಪ್ಪಾಯಿತು ಅಂದುಕೊಳ್ಳಬೇಡ.
ಆರು ವರ್ಷ ನೆಟ್ಟಗೆ ಉಚ್ಚೆ ಹೊಯ್ದಿದ್ದೇನೆ ಅಕ್ಕ,
ಅದೇನು ಸಣ್ಣ ವಿಷಯವಾ?"
ಕಂಡಕ್ಟರ್ ತಿರುಗಿ ನೋಡಿದ.

ಈಗ ಗುಳಿಗೆ ಅರ್ಧ. ಮೂರು ವಾರವಾಯಿತು.
ಜ್ವರ ಬಿಟ್ಟಿದೆ.
ಕ್ರಿಯಾಟಿನಿನ್ ಒಂದೂವರೆ ಇದ್ದದ್ದು ಎರಡರ ಹತ್ತಿರ.
ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ,
ಜ್ವರವನ್ನು ಪೆನ್ನಿನಲ್ಲಿ,
ಇನ್ನೊಂದನ್ನು ಪೆನ್ಸಿಲಿನಲ್ಲಿ.

ಸಂಜೆ ಮಾಸ್ಕ್ ಹಾಕಿಕೊಂಡು ತಂತಿಯ ಬಳಿ ಹೋಗುತ್ತಾನೆ.
ಕೆಲಸಕ್ಕಲ್ಲ, ಕೆಲಸ ಈಗ ಬೇರೆಯವನದು.
ಹಸಿ ಹುಲ್ಲಿನ ಉದ್ದ ಎಸಳೊಂದನ್ನು ಕಿತ್ತು
ತುದಿಯನ್ನು ತಂತಿಗೆ ತಾಗಿಸುತ್ತಾನೆ.
ಎಸಳು ಉದ್ದವಿದ್ದಷ್ಟೂ ಬೆರಳಿಗೆ ಬರುವುದು ಬರೀ ಜುಮ್ಮು.
"ಇದೆಯಾ?" ಮೆಟ್ಟಿಲಿಂದ ಕೇಳುತ್ತೇನೆ.
"ಇದೆ. ಸ್ವಲ್ಪ."
"ಸಾಕಾ?"
ಅವನು ಮಾತಾಡುವುದಿಲ್ಲ,
ಎಸಳನ್ನು ಇನ್ನೂ ಗಿಡ್ಡ ಹಿಡಿಯುತ್ತಾನೆ.